ಶಕುನಿಗೆ ಎಷ್ಟು ರೇಟು?

ನಮ್ಮ ಕಡೆ ಪೌರಾಣಿಕ ನಾಟಕ ಆಡಬೇಕೆಂದರೆ ಮೊದಲು ಪಾತ್ರಗಳಿಗೆ ರೇಟು ಕಟ್ಟುತ್ತಾರೆ. ಹಾಸನ, ತುಮಕೂರು, ಮಂಡ್ಯದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ಭೀಮಾರ್ಜುನರಿಗೆ ಇಷ್ಟು ಎಂದು ಮೊದಲೇ ತೀರ್ಮಾನವಾಗುತ್ತದೆ. ಹಣ ಕೊಟ್ಟವನಿಗೆ ಪಾತ್ರ. ಸೀನರಿಯ ಬಾಡಿಗೆ, ಹಾರ್ಮೋನಿಯಂ ಮೇಷ್ಟರ ಸಂಭಾವನೆ, ಡ್ರೆಸ್ಸು, ಮೈಕು, ಬಂದವರ ಊಟ ಎಲ್ಲವೂ ಆ ಹಣದಲ್ಲೇ ಸಾಗಬೇಕು. ಹೀಗಾಗಿ ದನ ಮಾರಿ ದುರ್ಯೋಧನನಾದವರು, ಕೊಬ್ಬರಿಗೆ ಒಳ್ಳೆಯ ಬೆಲೆ ಬಂದ ವರ್ಷವೇ ಕೃಷ್ಣನಾದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕಂಠ ಇರಲಿ ಬಿಡಲಿ, ಕಿರೀಟ ಅವರದೇ. ಪಟ್ಟಿಯಲ್ಲಿ ಕೆಳಗಿಳಿದಂತೆ ರೇಟೂ ಇಳಿಯುತ್ತದೆ. ವಿದುರ, ಸಾತ್ಯಕಿ, ನಕುಲ ಸಹದೇವರ ಹತ್ತಿರ ಬರುವ ಹೊತ್ತಿಗೆ ಕೈಲಾದಷ್ಟು ಕೊಟ್ಟರೆ ಸಾಕು ಎನ್ನುವಲ್ಲಿಗೆ ಮುಟ್ಟಿರುತ್ತದೆ.

ಇದರಲ್ಲೊಂದು ತಮಾಷೆಯಿದೆ. ದ್ರೌಪದಿ, ಕುಂತಿ, ಉತ್ತರೆಯ ಪಾತ್ರಗಳಿಗೆ ಊರಿನವರು ಸಿಗುವುದಿಲ್ಲ. ಅದಕ್ಕೆ ವೃತ್ತಿ ಕಲಾವಿದೆಯರನ್ನು ಹಣ ಕೊಟ್ಟು ಕರೆಸುತ್ತಾರೆ. ಸಂಜೆಯ ಬಸ್ಸಿಗೆ ಬಂದು, ರಾತ್ರಿಯಿಡೀ ಆಡಿ, ಬೆಳಗಿನ ಬಸ್ಸಿಗೆ ಮುಂದಿನ ಊರಿಗೆ ಹೊರಡುವ ಹೆಂಗಸರು ಅವರು. ಅವರಿಗೆ ತಮ್ಮ ಮಾತಿನ ಜೊತೆಗೆ ಎದುರು ನಿಂತವನ ಮಾತೂ ಬಾಯಿಪಾಠ. ಭೀಮ ಮಾತು ಮರೆತು ಗದೆಯನ್ನು ಎಡಭುಜದಿಂದ ಬಲಭುಜಕ್ಕೆ ಬದಲಾಯಿಸುತ್ತ ನಿಂತಾಗ, ದ್ರೌಪದಿ ಬಿಚ್ಚಿದ ಕೂದಲನ್ನು ಮುಖದ ಮೇಲೆ ಎಳೆದುಕೊಂಡು ಆ ಮರೆಯಲ್ಲೇ ಮುಂದಿನ ಸಾಲನ್ನು ಎತ್ತಿಕೊಟ್ಟಿದ್ದನ್ನು ನಾನು ಮುಂಭಾಗದಲ್ಲಿ ಕುಳಿತು ಕೇಳಿಸಿಕೊಂಡಿದ್ದೇನೆ. ಭೀಮ ಗುಡುಗಿದ, ಚಪ್ಪಾಳೆ ಬಿತ್ತು, ನೆಂಟರು ವೇದಿಕೆ ಹತ್ತಿ ನೋಟಿನ ಹಾರ ಹಾಕಿದರು. ದ್ರೌಪದಿ ಅಷ್ಟು ಹೊತ್ತೂ ಅಳು ನಿಲ್ಲಿಸದೆ ನಿಂತಿದ್ದಳು. ದುಡ್ಡು ಕೊಟ್ಟು ನಟಿಸುವವರು ನಾಯಕರು, ದುಡ್ಡು ಪಡೆದು ನಟಿಸುವವರು ಪೋಷಕರು. ಆ ರಾತ್ರಿ ನಾಟಕವನ್ನು ದಡ ಸೇರಿಸಿದ್ದು ಯಾರು ಎಂದು ಹಾರ್ಮೋನಿಯಂ ಮೇಷ್ಟರನ್ನು ಕೇಳಿದರೆ ಸಾಕು.

ಹಾಸನಾಂಬ ಕಲಾಕ್ಷೇತ್ರದಲ್ಲಿ ನೋಡಿದ ಒಬ್ಬ ಶಕುನಿಯೂ ನನ್ನ ತಲೆಯಲ್ಲಿ ಉಳಿದಿದ್ದಾರೆ. ವಯಸ್ಸಾದವರು, ಸಣ್ಣ ಆಳು. ದುರ್ಯೋಧನ ಒಂದೇ ಪದ್ಯವನ್ನು ‘ಒನ್ಸ್ ಮೋರ್’ ಎಂದವರಿಗೆಲ್ಲ ಮತ್ತೆ ಮತ್ತೆ ಹಾಡುತ್ತಿದ್ದ. ಪದ್ಯ ಮುಗಿಯುವ ತನಕ ಶಕುನಿಗೆ ಕೆಲಸವಿಲ್ಲ. ಬೇರೆಯವರಾಗಿದ್ದರೆ ಕೆಳಗೆ ಯಾರ್‍ಯಾರು ಬಂದು ಕುಳಿತಿದ್ದಾರೆ ಎಂದು ಕಣ್ಣಾಡಿಸುತ್ತಿದ್ದರು. ಇವರು ಕೈಯಲ್ಲಿದ್ದ ದಾಳಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ತೀಡುತ್ತ, ಸೋದರಳಿಯನನ್ನು ಕಿರೀಟದಿಂದ ಪಾದದವರೆಗೆ ನಿಧಾನವಾಗಿ ನೋಡಿದರು. ಸಂತೆಯಲ್ಲಿ ಕೊಬ್ಬಿದ ಹೋತವನ್ನು ಅಳೆಯುವವನ ನೋಟ. ಪದ್ಯ ಮತ್ತೆ ಶುರುವಾದಾಗ ಆ ನೋಟಕ್ಕೆ ಚೂರು ಮರುಕ ಬೆರೆಯಿತು. ಇನ್ನೊಮ್ಮೆ ಶುರುವಾದಾಗ ಕಣ್ಣು ಮುಚ್ಚಿಕೊಂಡು, ಸಂಗೀತಪ್ರೇಮಿ ಮಾವನಂತೆ ತಲೆದೂಗಿದರು. ಸೆರೆಮನೆಯಲ್ಲಿ ಹಸಿವಿನಿಂದ ಸತ್ತ ಗಾಂಧಾರದವರ ಕಥೆ, ತಂದೆಯ ಮೂಳೆಯಿಂದ ಮಾಡಿದ ದಾಳಗಳ ಕಥೆ ನಮಗೆಲ್ಲ ಅಜ್ಜಿಯಂದಿರಿಂದ ಗೊತ್ತು. ಅದು ನಿಜವೆಂದು ನನಗೆ ಅನ್ನಿಸಿದ್ದು ಆ ತಲೆದೂಗುವಿಕೆಯನ್ನು ನೋಡಿದಾಗ. ಅವರಿಗೆ ಒಂದೂ ಹಾರ ಬೀಳಲಿಲ್ಲ.

ಸಿನಿಮಾದಲ್ಲಿ ದುಡ್ಡಿನ ಹರಿವು ತಿರುಗುಮುರುಗಾದರೂ ಲೆಕ್ಕ ಹೆಚ್ಚುಕಡಿಮೆ ಇದೇ. ಅಲ್ಲಿ ಕಿರೀಟ ಹೊತ್ತವನಿಗೆ ಹಣವೂ ಸಿಗುತ್ತದೆ, ಹಾರವೂ ಬೀಳುತ್ತದೆ, ಕಟೌಟಿಗೆ ಹಾಲೂ ಸುರಿಯುತ್ತದೆ. ಉಳಿದವರಿಗೆ ದಿನಗಳ ಲೆಕ್ಕದಲ್ಲಿ ಕಾಲ್‌ಶೀಟು. ಚಿತ್ರ ಮುಗಿದ ಮೇಲೆ ಹೊರಗೆ ಬಂದು ಆ ತಂದೆಯ ಪಾತ್ರ ಮಾಡಿದವರ ಹೆಸರೇನು ಎಂದು ಪಕ್ಕದವರನ್ನು ಕೇಳುತ್ತೇವೆ. ಪಕ್ಕದವರಿಗೂ ಗೊತ್ತಿರುವುದಿಲ್ಲ. ಇನ್ನೊಂದು ಚಿತ್ರದಲ್ಲೂ ಅವರು ತಂದೆಯಾಗಿದ್ದರು ಎಂಬುದು ಮಾತ್ರ ಇಬ್ಬರಿಗೂ ನೆನಪಿರುತ್ತದೆ.

ಅರಸೀಕೆರೆಯಲ್ಲಿ ಬೆಳೆದವನಿಗೆ ಪೋಷಕ ನಟರ ವಿಷಯದಲ್ಲಿ ಊರಿನ ಪಕ್ಷಪಾತ ಇರುವುದು ಸಹಜ. ತುಮಕೂರು ಕಡೆಯಿಂದ ರೈಲು ಹತ್ತಿದರೆ ಮೊದಲು ಗುಬ್ಬಿ ಸಿಗುತ್ತದೆ, ನಾಟಕ ಕಂಪನಿಯ ವೀರಣ್ಣನವರ ಊರು. ಆಮೇಲೆ ತಿಪಟೂರು. ನರಸಿಂಹರಾಜು ಅಲ್ಲಿಯವರು, ಈಗಿನ ಅಚ್ಯುತ್ ಕುಮಾರ್ ಕೂಡ ಅಲ್ಲಿಯವರೇ. ಹೊನ್ನವಳ್ಳಿ ಕೃಷ್ಣ ಅವರ ಹೊನ್ನವಳ್ಳಿ ಅದೇ ತಾಲ್ಲೂಕಿನಲ್ಲಿದೆ. ಮುಂದಿನ ಜಂಕ್ಷನ್ ಅರಸೀಕೆರೆ. ಬಾಲಕೃಷ್ಣ ಹುಟ್ಟಿದ್ದು ಇಲ್ಲಿ, ದೊಡ್ಡಣ್ಣ ಹುಟ್ಟಿದ್ದೂ ಇಲ್ಲೇ. ಬಾಣಾವರ ದಾಟಿದರೆ ಚಿಕ್ಕಮಗಳೂರು ಜಿಲ್ಲೆಯ ಕಡೂರು. ಆ ತಾಲ್ಲೂಕಿನ ಪಂಚನಹಳ್ಳಿ ಕಡೆಯ ಹುಡುಗ ಸಂಚಾರಿ ವಿಜಯ್. ಬೀರೂರಿನಲ್ಲಿ ಶಿವಮೊಗ್ಗದ ಕಡೆಗೆ ಹೊರಳಿದರೆ ಭದ್ರಾವತಿ, ದೊಡ್ಡಣ್ಣ ಸಿನಿಮಾಕ್ಕೆ ಬರುವ ಮೊದಲು ಕಬ್ಬಿಣದ ಕಾರ್ಖಾನೆಯಲ್ಲಿ ನೌಕರಿ ಮಾಡಿದ ಊರು. ಒಂದೇ ಹಳಿಯ ಅಕ್ಕಪಕ್ಕ ಇಷ್ಟು ಜನ. ಕಾರಣ ಹುಡುಕಲು ನಾನು ಹೋಗುವುದಿಲ್ಲ. ನಾಟಕ ಕಂಪನಿಗಳು ಓಡಾಡಿದ ದಾರಿ ಇದು, ಅಷ್ಟು ಸಾಕು.

ಇವರ ಹೆಸರುಗಳನ್ನು ಗಮನಿಸಿದ್ದೀರಾ? ನಾಯಕನಟರಿಗೆ ಅಭಿಮಾನಿಗಳು ಬಿರುದು ಕೊಡುತ್ತಾರೆ. ಇವರು ತಮ್ಮ ಹೆಸರಿನಲ್ಲೇ ಯಾವುದೋ ಋಣ ಹೊತ್ತು ತಿರುಗುತ್ತಾರೆ. ತೂಗುದೀಪ ಶ್ರೀನಿವಾಸ್ ಅವರಿಗೆ ಚಿತ್ರವೊಂದರ ಹೆಸರು ಅಂಟಿಕೊಂಡಿತು. ಚಂದ್ರು ಅವರಿಗೆ ನಾಟಕದಲ್ಲಿ ಮಾಡಿದ ಮುಖ್ಯಮಂತ್ರಿಯ ಪಾತ್ರವೇ ಹೆಸರಾಯಿತು. ಜನಾರ್ದನ್ ಅವರಿಗೆ ಕೆಲಸ ಕೊಟ್ಟಿದ್ದ ಬ್ಯಾಂಕು, ರಘು ಅವರಿಗೆ ಮೈಸೂರಿನ ರಂಗಾಯಣ, ವಿಜಯ್‌ಗೆ ಸಂಚಾರಿ ತಂಡ. ಲೋಕನಾಥ್ ಅವರಂತೂ ಇಡೀ ಚಿತ್ರರಂಗಕ್ಕೇ ಅಂಕಲ್.

ಬಾಲಣ್ಣನವರ ಬಗ್ಗೆ ಸ್ವಲ್ಪ ನಿಲ್ಲಬೇಕು. ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿ 1995ರಲ್ಲಿ ತೀರಿಕೊಂಡ ಟಿ. ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆ ನೋಡಿ ಮಾತು ಹಿಡಿಯುತ್ತಿದ್ದರು. ಈ ಸಂಗತಿ ತಿಳಿದ ಮೇಲೆ ಅವರ ಹಳೆಯ ಚಿತ್ರಗಳನ್ನು ಮತ್ತೆ ಹಾಕಿಕೊಂಡು ನೋಡಿ. ಸಂಭಾಷಣೆ ಎದುರಿನವರದಾಗಿರುವಾಗ ಬಾಲಣ್ಣನವರ ಕಣ್ಣು ಎಲ್ಲಿರುತ್ತದೆ ನೋಡಿ. ಒಂದು ಕ್ಷಣವೂ ಅತ್ತಿತ್ತ ಹೋಗುವುದಿಲ್ಲ. ಕತ್ತು ತುಸು ಮುಂದಕ್ಕೆ ಬಂದಿರುತ್ತದೆ, ಹುಬ್ಬು ಎದುರಿನವರ ಮಾತಿನ ಏರಿಳಿತಕ್ಕೆ ತಕ್ಕಂತೆ ಏರಿಳಿಯುತ್ತದೆ, ಮಾತು ಮುಗಿದ ಕೂಡಲೇ ಉತ್ತರ ಹೊರಡುವುದಿಲ್ಲ, ಮುಖದಲ್ಲಿ ಅದು ಇಳಿದು ಅರ್ಥವಾದದ್ದು ನಮಗೂ ಕಂಡ ಮೇಲೆ ಹೊರಡುತ್ತದೆ. ತನಗೆ ಅನಿವಾರ್ಯವಾಗಿದ್ದನ್ನೇ ಆ ಮನುಷ್ಯ ನಟನೆಯ ಬಂಡವಾಳ ಮಾಡಿಕೊಂಡರು ಎಂದು ನನ್ನ ಊಹೆ. ಕನ್ನಡ ತೆರೆಯ ಮೇಲೆ ಅವರಷ್ಟು ಚೆನ್ನಾಗಿ ಕೇಳಿಸಿಕೊಂಡ ನಟ ಇನ್ನೊಬ್ಬರಿಲ್ಲ.

ಕೇಳಿಸಿಕೊಳ್ಳುವುದು ಚಿಕ್ಕ ಕೆಲಸವೆಂದು ತಿಳಿಯಬೇಡಿ. ನಾಯಕನ ಮಾತಿಗೆ ತೂಕ ಬರುವುದು ಅದು ಯಾರ ಮುಖದ ಮೇಲೆ ಬಿತ್ತು ಎಂಬುದರಿಂದ. ‘ಬಂಗಾರದ ಮನುಷ್ಯ’ದಲ್ಲಿ ಬಾಲಣ್ಣ ಮಾಡಿದ ರಾಚೂಟಪ್ಪನನ್ನು ತೆಗೆದುಬಿಟ್ಟರೆ ನಾಯಕ ರಾಜೀವ ಬರಡು ಭೂಮಿಯ ಮುಂದೆ ನಿಂತು ಒಬ್ಬನೇ ಭಾಷಣ ಮಾಡಿದಂತಾಗುತ್ತದೆ. ರಾಚೂಟಪ್ಪ ಪಕ್ಕದಲ್ಲಿದ್ದಾನೆ, ನಂಬಿದ್ದಾನೆ, ಆದ್ದರಿಂದ ನಾವೂ ನಂಬುತ್ತೇವೆ. ಇದೇ ಬಾಲಣ್ಣ ಇನ್ನೊಂದು ಚಿತ್ರದಲ್ಲಿ ಅದೇ ಗಮನವನ್ನು ಕುಹಕಕ್ಕೆ ತಿರುಗಿಸಿ, ನಾಯಕನ ಮನೆಗೆ ಬೆಂಕಿಯಿಡುವ ಮಾವನೋ ದಲ್ಲಾಳಿಯೋ ಆಗಿಬಿಡುತ್ತಿದ್ದರು. ವೇಷ ಬದಲಾಗುತ್ತಿತ್ತು, ದನಿ ಬದಲಾಗುತ್ತಿತ್ತು, ಆ ಕಣ್ಣು ಮಾತ್ರ ಎದುರಿನವರ ಬಾಯಿಯ ಮೇಲೇ ನೆಟ್ಟಿರುತ್ತಿತ್ತು.

ತೆರೆಯ ಹೊರಗೂ ಅವರು ಪಕ್ಕವಾದ್ಯವಾಗಿ ಉಳಿದವರಲ್ಲ. 1960ರ ‘ರಣಧೀರ ಕಂಠೀರವ’ದ ನಿರ್ಮಾಪಕರು ಯಾರು ಎಂದು ನೋಡಿದರೆ ರಾಜ್‌ಕುಮಾರ್ ಜೊತೆಗೆ ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್ ಅವರ ಹೆಸರುಗಳು ಸಿಗುತ್ತವೆ. ಒಬ್ಬ ನಾಯಕ, ಇಬ್ಬರು ಹಾಸ್ಯನಟರು, ಒಬ್ಬ ಕವಿ ಸೇರಿ ಕಟ್ಟಿದ ಚಿತ್ರ ಅದು. ಮುಂದೆ ಮೈಸೂರು ರಸ್ತೆಯಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಿದ್ದೂ ಬಾಲಣ್ಣನವರೇ. 2009ರ ಡಿಸೆಂಬರ್ ಕೊನೆಯಲ್ಲಿ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ನಡೆದದ್ದು ಆ ನೆಲದಲ್ಲಿ. ಅಭಿಮಾನಿಗಳು ಲಕ್ಷಗಟ್ಟಲೆ ಸಲ ಆ ಸ್ಟುಡಿಯೋದ ಹೆಸರು ಹೇಳಿದರು. ಅದನ್ನು ಕಟ್ಟಿದ ಅರಸೀಕೆರೆಯವನ ಹೆಸರನ್ನು ಎಷ್ಟು ಜನ ಹೇಳಿದರೋ.

ವಯಸ್ಸಿನ ವಿಚಾರಕ್ಕೆ ಬಂದರೆ ನಮ್ಮ ಚಿತ್ರರಂಗದ ಲೆಕ್ಕ ಇನ್ನೂ ವಿಚಿತ್ರ. ಕೆ. ಎಸ್. ಅಶ್ವಥ್ ಹುಟ್ಟಿದ್ದು 1925ರಲ್ಲಿ, ರಾಜ್‌ಕುಮಾರ್ 1929ರಲ್ಲಿ. ನಾಲ್ಕು ವರ್ಷದ ಅಂತರವಿದ್ದ ಈ ಇಬ್ಬರು ತೆರೆಯ ಮೇಲೆ ತಂದೆ ಮಗನಾದರು, ನಾವು ಪ್ರಶ್ನೆಯನ್ನೇ ಕೇಳಲಿಲ್ಲ. ಪಂಢರೀಬಾಯಿ ಅವರದು ಇನ್ನೂ ಮುಂದಿನ ಕಥೆ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್‌ಗೆ ನಾಯಕಿ, 1986ರ ‘ಅನುರಾಗ ಅರಳಿತು’ವಿನಲ್ಲಿ ಅವರಿಗೇ ತಾಯಿ. ಆತ ನಾಯಕನಾಗಿಯೇ ಇದ್ದರು, ಆಕೆಯ ತಲೆಗೂದಲು ಮಾತ್ರ ನೆರೆಯಿತು. ಇದರ ಬಗ್ಗೆ ಸಿಟ್ಟು ಮಾಡಿಕೊಳ್ಳಬಹುದು, ನನಗೆ ಈಗಲೂ ಬರುತ್ತದೆ. ಆದರೆ ಪಂಢರೀಬಾಯಿಯವರ ತಾಯಂದಿರನ್ನು ನೋಡುವಾಗ ಆ ಸಿಟ್ಟು ನೆನಪಿಗೆ ಬರದ ಹಾಗೆ ಅವರು ಮಾಡುತ್ತಾರಲ್ಲ, ಅದು ಬೇರೆಯದೇ ವಿದ್ಯೆ.

ಅಶ್ವಥ್ ಎಂದರೆ ಎಲ್ಲರಿಗೂ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟರು. ಮಕ್ಕಳಿಲ್ಲದ ಆ ಮೇಷ್ಟರು ರಾಮಾಚಾರಿಯ ಮೇಲಿಟ್ಟ ಮಮತೆಯೇ ರಾಮಾಚಾರಿಯ ಬದುಕನ್ನು ಹಾಳು ಮಾಡುತ್ತದೆ. ಹುಡುಗ ಪ್ರೀತಿಸಿದವಳನ್ನು ಬಿಟ್ಟುಕೊಡುವುದು ಮೇಷ್ಟರ ಮಾತಿಗೆ ಕಟ್ಟುಬಿದ್ದು. ಚಿತ್ರವನ್ನು ತಣ್ಣಗೆ ಕುಳಿತು ನೋಡಿದರೆ ಚಾಮಯ್ಯ ತಪ್ಪಿತಸ್ಥ. ಅಶ್ವಥ್ ಆ ತಪ್ಪನ್ನು ಬಚ್ಚಿಡುವುದಿಲ್ಲ, ಅದಕ್ಕೆ ಕರುಣೆಯನ್ನೂ ಬೇಡುವುದಿಲ್ಲ. ತಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂಬ ಮೇಷ್ಟರ ಗಟ್ಟಿ ನಂಬಿಕೆಯನ್ನು ಕೊನೆಯ ತನಕ ಸಡಿಲಿಸದೆ ಹಿಡಿದುಕೊಂಡಿರುತ್ತಾರೆ. ನಮ್ಮ ಊರುಗಳಲ್ಲಿ ಅಂಥ ಮೇಷ್ಟರುಗಳಿದ್ದರು. ಅವರಿಂದ ಉದ್ಧಾರವಾದವರೂ ಇದ್ದಾರೆ, ಮುರಿದುಹೋದವರೂ ಇದ್ದಾರೆ. ಒಬ್ಬನೇ ನಟ ಎರಡನ್ನೂ ಒಂದೇ ಮುಖದಲ್ಲಿ ಇಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು, ನಾನು ಇದನ್ನೆಲ್ಲ ಬರೆಯಲು ಕುಳಿತದ್ದೂ ಅದಕ್ಕಾಗಿಯೇ. ಪೋಷಕ ನಟರ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನಿಟ್ಟುಸಿರು ಬಿಟ್ಟು, ಇಂಥವರಿಗೆ ಒಂದಾದರೂ ನಾಯಕನ ಪಾತ್ರ ಸಿಗಬೇಕಿತ್ತು ಎನ್ನುತ್ತಾರೆ. ಹಾಸನದಲ್ಲಿ ಸಂಜೆ ನಮ್ಮ ಜೊತೆ ಕಾಫಿ ಕುಡಿಯುವ ಗೆಳೆಯರೊಬ್ಬರಿಗೆ ಇದು ಕಾಯಂ ಪಲ್ಲವಿ. ಬಾಲಣ್ಣನನ್ನು ಹೀರೋ ಮಾಡಬೇಕಿತ್ತು, ವಜ್ರಮುನಿಯನ್ನು ಹೀರೋ ಮಾಡಬೇಕಿತ್ತು, ಎಲ್ಲರನ್ನೂ ಮಾಡಬೇಕಿತ್ತು. ಸದುದ್ದೇಶದ ಮಾತು, ಒಪ್ಪುತ್ತೇನೆ. ಆದರೆ ಈ ಕನಿಕರದ ಒಳಗೆ ಒಂದು ಅಪಮಾನವೂ ಅಡಗಿದೆ. ಅವರು ಮಾಡಿದ ಕೆಲಸ ಏನೋ ಕಾಯುವಿಕೆ, ಬಡ್ತಿ ಸಿಗದ ಗುಮಾಸ್ತಿಕೆ ಎಂದು ಹೇಳಿದಂತಾಗುತ್ತದೆ. ವಜ್ರಮುನಿಯವರ ಕಣ್ಣಿಗೆ, ಆ ಗಂಟಲಿಗೆ ನಾಲ್ಕು ಯುಗಳಗೀತೆ ಕೊಟ್ಟು ಮರ ಸುತ್ತಿಸಿದರೆ ಯಾರಿಗೆ ಲಾಭ? ನಾಯಕನ ಕೆಲಸ ಬಹುಮಟ್ಟಿಗೆ ಪ್ರತಿ ಚಿತ್ರದಲ್ಲೂ ತಾನೇ ಆಗಿರುವುದು. ಅದಕ್ಕೂ ಪ್ರತಿಭೆ ಬೇಕು, ಅಲ್ಲಗಳೆಯುವುದಿಲ್ಲ. ಇವರ ಕೆಲಸ ಪ್ರತಿ ಚಿತ್ರದಲ್ಲೂ ಬೇರೆ ಊರಿನವನಾಗುವುದು.

ಅವರಿಗೆ ಸಿಗಬೇಕಾಗಿದ್ದದ್ದು ಬರೆದ ಪಾತ್ರ. ಅದು ಎಲ್ಲಿ ಸಿಕ್ಕಿತು ಎಂದು ಹಿಂದಿರುಗಿ ನೋಡಿದರೆ ನನಗೆ ಪದೇ ಪದೇ ಒಂದೇ ಉತ್ತರ ಎದುರಾಗುತ್ತದೆ. ಕಾದಂಬರಿಯಿಂದ, ಸಣ್ಣಕಥೆಯಿಂದ ಬಂದ ಚಿತ್ರಗಳಲ್ಲಿ. ‘ನಾಗರಹಾವು’ ತ.ರಾ.ಸು. ಅವರದು, ‘ಬಂಗಾರದ ಮನುಷ್ಯ’ ಟಿ. ಕೆ. ರಾಮರಾವ್ ಅವರದು. ಕಾದಂಬರಿಕಾರ ಒಂದು ಊರನ್ನು ಬರೆಯುತ್ತಾನೆ. ಊರೆಂದ ಮೇಲೆ ಅಲ್ಲಿ ಶ್ಯಾನುಭೋಗ ಇರಬೇಕು, ಬಡ್ಡಿ ಸಾಹುಕಾರ ಇರಬೇಕು, ಚಾಡಿ ಹೇಳುವ ಹೆಂಗಸು, ಕೆಲಸವಿಲ್ಲದೆ ಜಗಲಿ ಕಾಯುವ ಗಂಡಸು ಇರಬೇಕು. ಅಂಥ ಕಥೆಯನ್ನು ಸಿನಿಮಾ ಮಾಡಲು ಹೊರಟ ನಿರ್ದೇಶಕನಿಗೆ ಇವರೆಲ್ಲ ಖರ್ಚಿಲ್ಲದೆ ಸಿಕ್ಕಿಬಿಡುತ್ತಾರೆ. ಒಬ್ಬ ನಾಯಕನ ಕಾಲ್‌ಶೀಟು ಸಿಕ್ಕಿತೆಂದು ಬರೆಯಲು ಕೂತವನಿಗೆ ಊರು ಬೇಕಾಗುವುದಿಲ್ಲ. ನಾಯಕನ ಹೊಡೆತ ತಿನ್ನಲು ಹತ್ತು ಜನ, ಅವನನ್ನು ಹೊಗಳಲು ಇಬ್ಬರು ಇದ್ದರೆ ಸಾಕು.

ನಮ್ಮ ಜಿಲ್ಲೆಗಳಿಂದಲೇ ಇದಕ್ಕೆ ದೊಡ್ಡ ಸಾಕ್ಷಿಯಿದೆ. 1974ರ ‘ಭೂತಯ್ಯನ ಮಗ ಅಯ್ಯು’. ಕಥೆ ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರದು, ಚಿತ್ರೀಕರಣ ನಡೆದದ್ದು ಚಿಕ್ಕಮಗಳೂರಿನ ಬಳಿಯ ಕಳಸಾಪುರದಲ್ಲಿ, ನಿರ್ದೇಶಕರು ಸಿದ್ದಲಿಂಗಯ್ಯ. ಲೋಕೇಶ್ ಮತ್ತು ವಿಷ್ಣುವರ್ಧನ್ ಮುಖ್ಯ ಪಾತ್ರಗಳಲ್ಲಿದ್ದರು, ಇಬ್ಬರೂ ಚೆನ್ನಾಗಿ ಮಾಡಿದರು. ಆದರೆ ಇವತ್ತಿಗೂ ನಮ್ಮ ಮನೆಗಳಲ್ಲಿ ಊಟಕ್ಕೆ ಕುಳಿತು ಯಾರಾದರೂ ಉಪ್ಪಿನಕಾಯಿಯನ್ನು ಸ್ವಲ್ಪ ಹೆಚ್ಚು ಬಡಿಸಿಕೊಂಡರೆ ನೆನಪಾಗುವುದು ಯಾರು? ಲೋಕನಾಥ್. ಭರಣಿಗೆ ಕೈಹಾಕಿ ಉಪ್ಪಿನಕಾಯಿ ತಿನ್ನುವ ಆ ಹಳ್ಳಿಗನ ಪಾಲಿಗೆ ಸುತ್ತಲಿನ ಜಗಳ, ದ್ವೇಷ, ಸಾಲ, ಸಾವು ಯಾವುದೂ ಇಲ್ಲ. ಲೋಕವೆಲ್ಲ ಆ ಭರಣಿಯ ಬಾಯಿಯಷ್ಟೇ ಅಗಲ. ನಗಿಸುವುದಕ್ಕೆಂದು ಇಟ್ಟ ದೃಶ್ಯ ಅದು, ನಗುತ್ತೇವೆ. ಆದರೆ ಭೂತಯ್ಯನಂಥ ಲೇವಾದೇವಿಗಾರನ ಊರಿನಲ್ಲಿ ಒಬ್ಬ ಬಡವನ ಆಸೆ ಒಂದು ಚೂರು ಉಪ್ಪಿನಕಾಯಿಗೆ ಬಂದು ನಿಂತಿದೆ ಎಂಬುದೂ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಊರಿನ ಹಸಿವಿನ ಬಗ್ಗೆ ಬೇರೆ ಸಂಭಾಷಣೆಯೇ ಬೇಕಾಗಲಿಲ್ಲ. ಎಂ. ಪಿ. ಶಂಕರ್ ಅವರ ಭೂತಯ್ಯನೂ ಹಾಗೆಯೇ. ಆ ಪೈಲ್ವಾನನ ಮೈಕಟ್ಟನ್ನು ಬೇರೆ ಚಿತ್ರಗಳು ಹೊಡೆದಾಟಕ್ಕೆ ಬಳಸಿಕೊಂಡವು. ಇಲ್ಲಿ ಅವರು ನಡೆದು ಬಂದರೆ ಊರು ಹೆದರುತ್ತದೆ, ಅಷ್ಟೇ ಸಾಕಾಗುತ್ತದೆ.

ಇನ್ನು, ಪೋಷಕ ನಟರು ಮುಖ್ಯ ಪಾತ್ರಕ್ಕೆ ಏರಿದ ಸಂದರ್ಭಗಳು. ಅವುಗಳ ಹಿಂದೆಯೂ ಒಬ್ಬ ಲೇಖಕ ಇದ್ದೇ ಇರುತ್ತಾನೆ. ಕಾರಂತರ ‘ಚೋಮನ ದುಡಿ’ಯಲ್ಲಿ ಎಂ. ವಿ. ವಾಸುದೇವ ರಾವ್ ಚೋಮನಾದರು, 1975ರ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು, ಮತ್ತೆ ಸಣ್ಣ ಪಾತ್ರಗಳಿಗೇ ಮರಳಿದರು. ಮೂಡಿಗೆರೆಯ ತೋಟದಲ್ಲಿ ಕುಳಿತು ತೇಜಸ್ವಿ ಬರೆದ ‘ತಬರನ ಕಥೆ’ ಗಿರೀಶ್ ಕಾಸರವಳ್ಳಿಯವರ ಕೈಗೆ ಬಂದಾಗ ತಬರನಾದವರು ತಮಿಳಿನ ಚಾರುಹಾಸನ್. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಆ ಜವಾನನ ಬೆನ್ನು ನೋಡಿದರೆ ಅವರಿಗೆ ಕನ್ನಡ ಮಾತೃಭಾಷೆಯಲ್ಲ ಎಂದು ಯಾರೂ ಹೇಳುವಂತಿಲ್ಲ. 1986ರ ಸಾಲಿನ ಪ್ರಶಸ್ತಿ ಅವರಿಗೆ. ವೈದೇಹಿಯವರ ಕಥೆಯ ‘ಗುಲಾಬಿ ಟಾಕೀಸ್’ನಲ್ಲಿ ಉಮಾಶ್ರೀ. ವರ್ಷಗಟ್ಟಲೆ ಅವರಿಂದ ದ್ವಂದ್ವಾರ್ಥದ ಮಾತು ಆಡಿಸಿ ಚಪ್ಪಾಳೆ ಗಿಟ್ಟಿಸಿದ ಚಿತ್ರರಂಗಕ್ಕೆ, ಆ ಹೆಂಗಸು ರಂಗಭೂಮಿಯಿಂದ ಏನನ್ನು ಹೊತ್ತು ತಂದಿದ್ದಾಳೆ ಎಂದು ತಿಳಿಯಲು ಒಬ್ಬ ಸೂಲಗಿತ್ತಿಯ ಪಾತ್ರ ಬರೆಯಬೇಕಾಯಿತು.

ಬೀರಾದಾರ್ ಅವರನ್ನು ನೀವೆಲ್ಲ ನೋಡಿದ್ದೀರಿ. ವೈಜನಾಥ ಬೀರಾದಾರ್. ಭಿಕ್ಷುಕ, ಕುಡುಕ, ಬಸ್‌ ನಿಲ್ದಾಣದಲ್ಲಿ ಒದೆ ತಿನ್ನುವವನು. ನೂರಾರು ಚಿತ್ರಗಳಲ್ಲಿ ಆ ಬಡಕಲು ಮೈ ನಗೆಯ ಸರಕಾಗಿತ್ತು. ಅಮರೇಶ ನುಗಡೋಣಿಯವರ ಕಥೆಯನ್ನು ಆಧರಿಸಿ 2010ರಲ್ಲಿ ಕಾಸರವಳ್ಳಿಯವರು ‘ಕನಸೆಂಬ ಕುದುರೆಯನೇರಿ’ ಮಾಡಿದಾಗ ಗೋರಿ ತೋಡುವ ಈರ್ಯನ ಪಾತ್ರಕ್ಕೆ ಅದೇ ಬಡಕಲು ಮೈಯನ್ನು ಕರೆದರು. ನಟ ಬದಲಾಗಲಿಲ್ಲ, ತೂಕ ಹೆಚ್ಚಿಸಿಕೊಳ್ಳಲಿಲ್ಲ, ಇಳಿಸಿಕೊಳ್ಳಲಿಲ್ಲ. ಕ್ಯಾಮೆರಾ ಅವರನ್ನು ನೋಡುವ ಎತ್ತರ ಬದಲಾಯಿತು. ಹಿಂದೆ ಮೇಲಿನಿಂದ ನೋಡುತ್ತಿತ್ತು, ಇಲ್ಲಿ ಸಮಕ್ಕೆ ಬಂದು ನಿಂತಿತು. ಆ ಪಾತ್ರಕ್ಕೆ ಸ್ಪೇನ್ ದೇಶದ ಚಿತ್ರೋತ್ಸವವೊಂದರಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ನಮ್ಮವರು ಪತ್ರಿಕೆಯಲ್ಲಿ ಸುದ್ದಿ ಓದಿ ಹೆಮ್ಮೆಪಟ್ಟು, ಮುಂದಿನ ಚಿತ್ರದಲ್ಲಿ ಮತ್ತೆ ಭಿಕ್ಷೆಯ ತಟ್ಟೆ ಕೊಟ್ಟರು.

ಕಡೂರಿನ ವಿಜಯ್ ವಿಷಯದಲ್ಲಿ ನನಗೆ ತಟಸ್ಥವಾಗಿರಲು ಆಗುವುದಿಲ್ಲ. 2014ರಲ್ಲಿ ತೆರೆಕಂಡ ‘ಒಗ್ಗರಣೆ’ಯಲ್ಲಿ ಅವರಿಗಿದ್ದದ್ದು ಸಣ್ಣ ಪಾತ್ರ, ಗಂಡು ಮೈಯಲ್ಲಿ ಹೆಣ್ಣಿನ ಒನಪು ಇರುವವನದು. ಕನ್ನಡ ಸಿನಿಮಾದಲ್ಲಿ ಅಂಥ ಪಾತ್ರ ಬಂತೆಂದರೆ ಗೇಲಿ ಗ್ಯಾರಂಟಿ. ವಿಜಯ್ ಆ ಗೇಲಿಗೆ ಅವಕಾಶವನ್ನೇ ಕೊಡಲಿಲ್ಲ. ಅದರ ಬೆನ್ನಿಗೇ ಬಂದದ್ದು ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ ‘ನಾನು ಅವನಲ್ಲ ಅವಳು’, ಬಿ. ಎಸ್. ಲಿಂಗದೇವರು ಅವರ ಚಿತ್ರ. ಸೀರೆ ಉಟ್ಟರೆ, ದನಿ ಸಣ್ಣ ಮಾಡಿದರೆ ಪಾತ್ರ ಮುಗಿಯಿತು ಎಂದುಕೊಳ್ಳುವ ನಟರಿಗೆ ಈ ಚಿತ್ರವನ್ನು ಕಡ್ಡಾಯವಾಗಿ ತೋರಿಸಬೇಕು. ಮಾದೇಶ ವಿದ್ಯಾ ಆಗುವುದು ಉಡುಪಿನಿಂದ ಶುರುವಾಗುವುದಿಲ್ಲ, ಭುಜದಿಂದ ಶುರುವಾಗುತ್ತದೆ. ಗಂಡುಹುಡುಗನ ಭುಜಗಳನ್ನು ಏನು ಮಾಡಬೇಕೆಂದು ತಿಳಿಯದೆ ಒದ್ದಾಡುವ ಆ ಮೈ, ನಿಧಾನವಾಗಿ ತನಗೊಪ್ಪುವ ನಿಲುವನ್ನು ಕಂಡುಕೊಳ್ಳುತ್ತದೆ. 2014ರ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದ ಮೇಲೆ ಅವರ ಮನೆಯ ಮುಂದೆ ನಿರ್ಮಾಪಕರು ಸಾಲುಗಟ್ಟಿ ನಿಂತರು ಎಂದು ಬರೆಯಲು ನನಗೂ ಆಸೆ. ಅವರು ಸಿಕ್ಕ ಸಣ್ಣ ಪಾತ್ರಗಳನ್ನೂ ದೊಡ್ಡ ಪಾತ್ರಗಳನ್ನೂ ಮಾಡುತ್ತಲೇ ಹೋದರು. 2020ರ ‘ಆ್ಯಕ್ಟ್ 1978’ರಲ್ಲೂ ಹಲವರ ನಡುವೆ ಒಬ್ಬರಾಗಿದ್ದರು. 2021ರ ಜೂನ್‌ನಲ್ಲಿ ಬೈಕ್ ಅಪಘಾತವಾಯಿತು. ವಯಸ್ಸು ಮೂವತ್ತೇಳು. ಅಂಗಾಂಗ ದಾನವಾಯಿತು, ಪಂಚನಹಳ್ಳಿಯಲ್ಲಿ ಮಣ್ಣು ಮಾಡಿದರು. ಆ ವಾರವೆಲ್ಲ ಟಿ.ವಿ. ವಾಹಿನಿಗಳು ಅವರನ್ನು ನಾಯಕನಟ ಎಂದು ಕರೆದವು.

ಈಗಿನ ಸ್ಥಿತಿ ಪೂರ್ತಿ ಕೆಟ್ಟಿದೆ ಎನ್ನುವ ಹಳಬರ ಗುಂಪಿಗೆ ನಾನು ಸೇರಿಲ್ಲ. ‘ಕಾಂತಾರ’ದಲ್ಲಿ ಅಚ್ಯುತ್ ಕುಮಾರ್ ಮಾಡಿದ ಧಣಿಯನ್ನು ನೋಡಿ. ಬೆಣ್ಣೆಯಂಥ ಮಾತು, ಹೆಗಲ ಮೇಲೆ ಕೈ, ಉಪಕಾರ ಮಾಡುವವನ ನಗು. ಒಳಗಿನ ಲೆಕ್ಕಾಚಾರವನ್ನು ಕಣ್ಣಿನ ತುದಿಯಲ್ಲಿ ಒಂದಿಷ್ಟು ಮಾತ್ರ ಬಿಟ್ಟಿರುತ್ತಾರೆ, ಎರಡನೆಯ ಸಲ ನೋಡಿದವರಿಗೆ ಸಿಗಲಿ ಎಂದು. ನೀನಾಸಂ ನಾಟಕ ತಂಡದ ತಿರುಗಾಟದಲ್ಲಿ ಊರೂರು ಸುತ್ತಿದ ಪಾಠ ಅದು. ಗಡಿ ದಾಟಿ ಐದು ಭಾಷೆಗೆ ಹೋಗುವ ಚಿತ್ರಗಳು ಬಂದ ಮೇಲೆ ಒಂದು ತೊಂದರೆ ಮಾತ್ರ ಶುರುವಾಗಿದೆ. ಪ್ರತಿ ಭಾಷೆಯ ಮಾರುಕಟ್ಟೆಗೂ ಗುರುತಿರುವ ಒಂದು ಮುಖ ಬೇಕೆಂದು ತಂದೆ, ಮಾವ, ಪೊಲೀಸು, ಖಳ ಎಲ್ಲರನ್ನೂ ಹೊರಗಿನಿಂದ ಕರೆಸುತ್ತಾರೆ. ಅವರ ತುಟಿಗೂ ಕನ್ನಡಕ್ಕೂ ತಾಳೆಯಾಗುವುದಿಲ್ಲ. ಬಾಲಣ್ಣ ಇದ್ದಿದ್ದರೆ ಅವರ ಮುಂದೆ ನಿಂತು ಏನು ಮಾಡುತ್ತಿದ್ದರೋ ದೇವರಿಗೇ ಗೊತ್ತು.

ಒಳ್ಳೆಯ ನಟರು ಧಾರಾವಾಹಿಗಳ ಕಡೆ ಹೋದರು ಎಂದು ಬೇಸರಪಡುವವರಿದ್ದಾರೆ. ನನಗೆ ಅದರಲ್ಲಿ ಬೇಸರವಿಲ್ಲ, ಬಾಡಿಗೆ ಎಲ್ಲರೂ ಕಟ್ಟಬೇಕು.

ನನ್ನ ತಕರಾರು ಹೆಸರುಗಳ ಬಗ್ಗೆ. ಹಳೆಯ ಚಿತ್ರಗಳಲ್ಲಿ ಹೆಸರುಗಳು ಮೊದಲೇ ಬರುತ್ತಿದ್ದವು. ಒಂದೊಂದು ಚೌಕಟ್ಟಿನಲ್ಲಿ ಎಂಟು ಹತ್ತು ಹೆಸರು, ಸಣ್ಣ ಅಕ್ಷರ, ಕೊನೆಯಲ್ಲಿ ‘ಮುಂತಾದವರು’. ಆ ಮುಂತಾದವರಲ್ಲಿ ಎಷ್ಟು ಶಕುನಿಗಳಿದ್ದರೋ. ಆದರೂ ಓದಲು ಸಮಯವಿತ್ತು, ಪಾಪ್‌ಕಾರ್ನ್ ತರಲು ಹೋದವರು ಬರುವ ತನಕ ನಾವು ಬಾಯಿಬಿಟ್ಟು ಓದುತ್ತಿದ್ದೆವು. ಈಗ ಹೆಸರುಗಳು ಕೊನೆಗೆ ಹೋಗಿವೆ. ಚಿತ್ರಮಂದಿರದಲ್ಲಿ ಅವು ಬರುವ ಹೊತ್ತಿಗೆ ದೀಪ ಹತ್ತಿ, ಪೊರಕೆ ಹಿಡಿದವರು ಒಳಗೆ ಬಂದಿರುತ್ತಾರೆ. ಟಿ.ವಿ.ಯಲ್ಲಿ ಜಾಹೀರಾತಿಗೆ ಜಾಗ ಬೇಕೆಂದು ಕತ್ತರಿಸುತ್ತಾರೆ. ಓಟಿಟಿಯಲ್ಲಿ ಹೆಸರು ಮೂಡುತ್ತಿದ್ದಂತೆಯೇ ಪರದೆ ಕುಗ್ಗಿ ಮೂಲೆಗೆ ಸರಿದು, ಮುಂದಿನ ಚಿತ್ರ ಐದು ಸೆಕೆಂಡಿನಲ್ಲಿ ಶುರುವಾಗುತ್ತದೆ ಎಂದು ಹೆದರಿಸುತ್ತದೆ. ಅದನ್ನು ತಡೆಯುವ ಗುಂಡಿ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಆ ಐದು ಸೆಕೆಂಡು ಮುಗಿದಿರುತ್ತದೆ. ನಮ್ಮ ಮನೆಯಲ್ಲಿ ಇದಕ್ಕಾಗಿ ಜಗಳವಾಗಿ, ಕೊನೆಯ ಹತ್ತು ನಿಮಿಷ ರಿಮೋಟ್ ನನ್ನ ಕೈಯಲ್ಲೇ ಇರಬೇಕೆಂದು ತೀರ್ಮಾನವಾಗಿದೆ. ಕಳೆದ ವಾರ ಒಂದು ಚಿತ್ರದಲ್ಲಿ ನ್ಯಾಯಬೆಲೆ ಅಂಗಡಿಯವನ ಪಾತ್ರ ಮಾಡಿದವರು ಯಾರು ಎಂದು ಕಾದು ಕುಳಿತಿದ್ದೆ. ಎರಡೇ ದೃಶ್ಯ, ತಕ್ಕಡಿಯ ತಟ್ಟೆಯನ್ನು ಕಿರುಬೆರಳಿನಿಂದ ಒತ್ತುವುದರಲ್ಲಿ ಆ ಮನುಷ್ಯ ಇಡೀ ತಾಲ್ಲೂಕು ಕಚೇರಿಯನ್ನು ತೋರಿಸಿಬಿಟ್ಟಿದ್ದರು. ಹೆಸರು ಸಿಕ್ಕಿತು, ಬರೆದಿಟ್ಟುಕೊಂಡೆ. ಅವರ ಬೇರೆ ಚಿತ್ರಗಳನ್ನು ಹುಡುಕುತ್ತಿದ್ದೇನೆ.